ಮಕ್ಕಳ ಕಾರ್ನಿಯಾ: ಚಿಕಿತ್ಸೆಯ ನಂತರದ ಮಸುಕು

ಬೇಸಿಗೆ ಬಂತೆಂದರೆ ಪೋತ್ನಾಳ, ಮಾನ್ವಿ, ದೇವದುರ್ಗಗಳ ಬಿಸಿಲು ಧೂಳಿಗೆ ಕಣ್ಣು ಕೆಂಪಾಗಿ, ಪಾಠ ಕೇಳುತ್ತಲೇ ಕಣ್ಣುಜ್ಜಿಕೊಳ್ಳುವ ವಿದ್ಯಾರ್ಥಿಗಳನ್ನು ಅಧ್ಯಾಪಕರೆಲ್ಲರೂ ಬಲ್ಲರು. ಬಹುಪಾಲು ಅದು ಅಲರ್ಜಿ ಮಾತ್ರ. ಆದರೆ ಸದಾ ಉಜ್ಜುವ ಅಭ್ಯಾಸವು ಕೆರಟೋಕೋನಸ್ ಎಂಬ ವ್ಯಾಧಿಯನ್ನು ಉಲ್ಬಣಗೊಳಿಸುತ್ತದೆ. ಕಣ್ಣಿನ ಮುಂಭಾಗದ ಗಾಜಿನಂಥ ಪಟಲವಾದ ಕಾರ್ನಿಯಾ ಇದರಲ್ಲಿ ತೆಳುವಾಗಿ, ಶಂಕುವಿನಂತೆ ಮುಂದಕ್ಕೆ ಉಬ್ಬುತ್ತದೆ. ಕನ್ನಡಕದ ನಂಬರು ಮೇಲಿಂದ ಮೇಲೆ ಬದಲಾಗುತ್ತದೆ. ವಯಸ್ಕರಿಗಿಂತ ಮಕ್ಕಳಲ್ಲಿ ಇದರ ವೇಗ ಹೆಚ್ಚು.

ಇದನ್ನು ತಡೆಯುವ ಕ್ರಾಸ್‌ಲಿಂಕಿಂಗ್ ಚಿಕಿತ್ಸೆಯನ್ನು ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ 1990ರ ದಶಕದಲ್ಲಿ ರೂಪಿಸಲಾಯಿತು. ರೋಗಿಗಳಲ್ಲಿ ಪಡೆದ ಮೊದಲ ಫಲಿತಾಂಶಗಳು 2003ರಲ್ಲಿ ಪ್ರಕಟವಾದವು. ನಮ್ಮ ನಾಡಿನಲ್ಲಿ, ಡಾ. ಕೆ. ಭುಜಂಗ ಶೆಟ್ಟಿಯವರು 1982ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ನಾರಾಯಣ ನೇತ್ರಾಲಯವು ಈ ವ್ಯಾಧಿಯ ಚಿಕಿತ್ಸೆ ಹಾಗೂ ಸಂಶೋಧನೆಗಳೆರಡರಲ್ಲೂ ತೊಡಗಿದೆ. ಮೂಲ ವಿಧಾನದಲ್ಲಿ ಕಾರ್ನಿಯಾದ ಮೇಲ್ಪೊರೆಯನ್ನು ತೆಗೆದು, ರೈಬೋಫ್ಲೇವಿನ್ ಅಂದರೆ ಬಿ2 ಜೀವಸತ್ವದ ಹನಿಗಳನ್ನು ಹಾಕಿ, 30 ನಿಮಿಷ ಅತಿನೇರಳೆ ಕಿರಣಗಳನ್ನು ಹಾಯಿಸುತ್ತಾರೆ. ಆಗ ಕೊಲಾಜೆನ್ ಎಳೆಗಳ ನಡುವೆ ಹೊಸ ಬೆಸುಗೆಗಳು ಏರ್ಪಟ್ಟು ಪಟಲ ಗಟ್ಟಿಯಾಗುತ್ತದೆ. ಉಬ್ಬು ನಿಲ್ಲುವುದೇ ಇಲ್ಲಿಯ ಉದ್ದೇಶ, ಕನ್ನಡಕ ಬಿಡಿಸುವುದಲ್ಲ.

ಪಾಲಕರು ಗಾಬರಿಯಾಗುವುದು ಇದರ ನಂತರವೇ. ಚಿಕಿತ್ಸೆಗೊಂಡ ಕಣ್ಣು ಕೆಲವು ವಾರಗಳಲ್ಲಿ ಮೊದಲಿಗಿಂತ ಮಂಜಾಗಿ ಕಂಡೀತು. ಕಾರ್ನಿಯಾ ತಿಳಿಯಾಗಿರುವುದು ಅದರ ಎಳೆಗಳ ಕ್ರಮಬದ್ಧ ಜೋಡಣೆಯಿಂದ. ಕಿರಣದ ಪ್ರಭಾವಕ್ಕೆ ಮುಂಭಾಗದ ಸುಮಾರು 300 ಮೈಕ್ರಾನ್ ಆಳದವರೆಗಿನ ಜೀವಕೋಶಗಳು ನಶಿಸಿ, ಅಲ್ಲಿ ತಾತ್ಕಾಲಿಕ ಬಾವು ಉಂಟಾಗುತ್ತದೆ. ಬೆಳಕು ನೇರವಾಗಿ ಹಾಯದೆ ಚದುರುತ್ತದೆ. ಹೊಸ ಜೀವಕೋಶಗಳು ಬಂದು ನೆಲೆಸಲು ತಿಂಗಳುಗಳೇ ಬೇಕು. ಚದುರಿದ ಬೆಳಕನ್ನು ವಿಶೇಷ ಕ್ಯಾಮೆರಾದಿಂದ ಅಳೆದು ನೋಡಿದಾಗ, ಮಸುಕು ಮೊದಲ ಮೂರು ತಿಂಗಳೊಳಗೆ ಪರಾಕಾಷ್ಠೆ ಮುಟ್ಟಿ, ಬಳಿಕ ಇಳಿಯುತ್ತ, ವರ್ಷ ತುಂಬುವಷ್ಟರಲ್ಲಿ ಬಹುಮಟ್ಟಿಗೆ ತಿಳಿಯಾಗುವುದು ಸಾಮಾನ್ಯವೆಂದು ಕಂಡುಬಂದಿದೆ. ಕೆಲವರಲ್ಲಿ ಕಲೆ ಉಳಿಯುವುದೂ ಉಂಟು. ನೋವು, ಕೆಂಪು, ಹಠಾತ್ತನೆ ಬೆಳೆವ ಬಿಳುಪು ಇವು ಮಾತ್ರ ಸೋಂಕಿನ ಚಿಹ್ನೆಗಳಾಗಿರಬಹುದು. ಆಗ ಒಂದು ದಿನವೂ ಕಾಯಬಾರದು.

ಆದುದರಿಂದ ಆ ವರ್ಷ ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಕು. ಓದಿನಲ್ಲಿ ಹಿಂದೆ ಬಿದ್ದರೆ ದಡ್ಡನೆಂದು ಬಗೆಯಬಾರದು. ಅಲರ್ಜಿಯ ಹನಿಗಳನ್ನು ವೈದ್ಯರು ಹೇಳಿದಷ್ಟು ಕಾಲ ಹಾಕಲೇಬೇಕು, ಏಕೆಂದರೆ ಉಜ್ಜುವುದು ಮುಂದುವರಿದರೆ ಮಕ್ಕಳಲ್ಲಿ ಚಿಕಿತ್ಸೆಯ ನಂತರವೂ ವ್ಯಾಧಿ ಮರುಕಳಿಸಬಹುದು. ದಾನಿಗಳಿಗೂ ಒಂದು ಮಾತು: ಚಿಕಿತ್ಸೆಯ ವೆಚ್ಚಕ್ಕೆ ನೆರವು ದೊರೆಯುತ್ತದೆ, ಮರುಪರೀಕ್ಷೆಗಾಗಿ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತುವ ವೆಚ್ಚ ಯಾರಿಗೂ ನೆನಪಾಗುವುದು ಕಡಿಮೆ. ಮರುಪರೀಕ್ಷೆಯ ದಿನ ಇನ್ನೊಂದು ಕಣ್ಣನ್ನೂ ನೋಡಿಸತಕ್ಕದ್ದು. ಈ ವ್ಯಾಧಿ ಸಾಮಾನ್ಯವಾಗಿ ಎರಡೂ ಕಣ್ಣುಗಳಿಗೆ ಬರುವಂಥದು.