ಒಂದೇ ಕೈಪಂಪಿನ ನೀರು

ನಾನು ಸಿಆರ್‌ಪಿಎಫ್‌ನ ಮಹಿಳಾ ತುಕಡಿಯ ಜೊತೆ ಲೈಬೀರಿಯಾದ ರಾಜಧಾನಿ ಮನ್ರೋವಿಯಾದಲ್ಲಿದ್ದದ್ದು 2011ರಲ್ಲಿ. ಅಲ್ಲಿಯ ಅಂತರ್ಯುದ್ಧ ನಿಂತು ಎಂಟು ವರ್ಷವಾಗಿತ್ತು. ವಿಶ್ವಸಂಸ್ಥೆಯ ಮೊದಲ ಮಹಿಳಾ ಪೊಲೀಸ್ ತುಕಡಿ ನಮ್ಮದು. ಮೊದಲ ಬ್ಯಾಚ್ 2007ರ ಜನವರಿಯಲ್ಲೇ ಬಂದಿಳಿದಿತ್ತು. ಅಧ್ಯಕ್ಷೆ ಎಲೆನ್ ಜಾನ್ಸನ್ ಸರ್ಲೀಫ್ ಅವರ ಕಚೇರಿಯ ಕಾವಲು ಮತ್ತು ರಾತ್ರಿ ಗಸ್ತು ನಮ್ಮ ಕೆಲಸ.

ಗಸ್ತು ಅಂದರೆ ಕತ್ತಲೆಯಲ್ಲಿ ಓಡಾಟ. ಮೌಂಟ್ ಕಾಫಿ ಜಲವಿದ್ಯುತ್ ಕೇಂದ್ರ ಯುದ್ಧದಲ್ಲಿ ಹಾಳಾಗಿತ್ತು, ಮತ್ತೆ ಶುರುವಾದದ್ದು 2016ರ ಡಿಸೆಂಬರಿನಲ್ಲಿ. ಜನರೇಟರ್ ಇದ್ದವರ ಮನೆಯಲ್ಲಿ ಬೆಳಕು, ಉಳಿದವರಿಗೆ ಮೇಣದಬತ್ತಿ. ಆ ಕತ್ತಲೆಯಲ್ಲಿ ಸಮವಸ್ತ್ರ ಕಂಡರೆ ಹೆಂಗಸರು ಮೊದಮೊದಲು ಬಾಗಿಲು ಹಾಕಿಕೊಳ್ಳುತ್ತಿದ್ದರು. ಯುದ್ಧದಲ್ಲಿ ಅವರು ಕಂಡ ಸಮವಸ್ತ್ರಗಳು ಅಂಥವು. ಹೆಲ್ಮೆಟ್ ತೆಗೆದು ಜಡೆ ತೋರಿಸಿದರೆ ಬಾಗಿಲು ತೆರೆಯುತ್ತಿತ್ತು.

ಒಂದು ಬೆಳಿಗ್ಗೆ ಕೈಪಂಪಿನ ಹತ್ತಿರ ನಮ್ಮ ಗಾಡಿ ನಿಂತಿತ್ತು. ಸಾಲಿನಲ್ಲಿದ್ದ ಹೆಂಗಸೊಬ್ಬಳು ದಿನಾ ನಗುನಗುತ್ತಾ ಮಾತಾಡಿಸುವವಳು. ಅಂದು ದನಿ ತಗ್ಗಿಸಿ, ಮುಂದೆ ನಿಂತಿದ್ದ ಗಂಡಸನ್ನು ಕಣ್ಣಲ್ಲೇ ತೋರಿಸಿದಳು. ಯುದ್ಧದ ದಿನಗಳಲ್ಲಿ ಅವಳ ಅಣ್ಣನನ್ನು ಎಳೆದುಕೊಂಡು ಹೋದ ಗುಂಪಿನಲ್ಲಿ ಅವನೂ ಇದ್ದನಂತೆ. ಅಣ್ಣ ತಿರುಗಿ ಬರಲಿಲ್ಲ. ನಾನು ಪೊಲೀಸಿನವಳ ಬಾಯಲ್ಲಿ ಬರುವ ಮಾತನ್ನೇ ಆಡಿದೆ: ‘ದೂರು ಕೊಡಿ.’ ಅವಳು ಬಿಂದಿಗೆ ಇಳಿಸಿ ನನ್ನನ್ನೇ ನೋಡಿದಳು. ‘ಯಾರಿಗೆ ಕೊಡಲಿ ಸಿಸ್ಟರ್? ನಾಳೆ ನೀರಿಗೆ ನಾನೂ ಇಲ್ಲಿಗೇ ಬರಬೇಕು, ಅವನೂ ಇಲ್ಲಿಗೇ ಬರಬೇಕು.’

ನನಗೆ ಉತ್ತರ ಹೊಳೆಯಲಿಲ್ಲ. ಆ ದೇಶದ ಸತ್ಯ ಮತ್ತು ಸಾಮರಸ್ಯ ಆಯೋಗ 2009ರಲ್ಲೇ ಅಂತಿಮ ವರದಿ ಕೊಟ್ಟು, ಯಾರನ್ನು ವಿಚಾರಣೆಗೆ ಒಳಪಡಿಸಬೇಕೆಂದು ಹೆಸರು ಹಿಡಿದು ಹೇಳಿತ್ತು. ಅದಕ್ಕೆ ಬೇಕಾದ ನ್ಯಾಯಾಲಯವನ್ನು ಮಾತ್ರ ಯಾರೂ ಕಟ್ಟಲಿಲ್ಲ. ಹೆಸರಿದ್ದವರಲ್ಲಿ ಒಬ್ಬರಾದ ಹಳೆಯ ಯುದ್ಧನಾಯಕ ಪ್ರಿನ್ಸ್ ಜಾನ್ಸನ್ ನಾನಿದ್ದ ವರ್ಷವೇ ಅಧ್ಯಕ್ಷ ಚುನಾವಣೆಗೆ ನಿಂತು ಮೂರನೆಯ ಸ್ಥಾನಕ್ಕೆ ಬಂದರು. ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರ್‌ಗೆ 2012ರಲ್ಲಿ 50 ವರ್ಷ ಜೈಲಾಯಿತು ನಿಜ. ಆದರೆ ಅದು ಪಕ್ಕದ ಸಿಯೆರಾ ಲಿಯೋನ್‌ನಲ್ಲಿ ನಡೆದ ಅಪರಾಧಗಳಿಗೆ. ಲೈಬೀರಿಯಾದ ಸತ್ತವರ ಲೆಕ್ಕ ಆ ತೀರ್ಪಿನಲ್ಲಿರಲಿಲ್ಲ.

ಶಾಂತಿ ನೆಲೆಸಲು ಮತದಾನವೊಂದೇ ಸಾಕು ಎಂದು ನಾನು ನಂಬಿದ್ದೆ. 2011ರ ಅಕ್ಟೋಬರಿನ ಮೊದಲ ಸುತ್ತಿನಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಮತ ಹಾಕಿದರು. ಎರಡನೆಯ ಸುತ್ತಿಗೆ ವಿರೋಧ ಪಕ್ಷ ಬಹಿಷ್ಕಾರ ಹಾಕಿತು. ಮತದಾನದ ಹಿಂದಿನ ದಿನ ರಾಜಧಾನಿಯಲ್ಲಿ ಗುಂಡು ಹಾರಿ ಸಾವೂ ಆಯಿತು. ಮರುದಿನ ಮತಗಟ್ಟೆಗೆ ಬಂದವರು ನೂರಕ್ಕೆ 40 ಮಂದಿಯೂ ಇಲ್ಲ. ಒಂದು ಗುಂಡಿನ ಸದ್ದಿಗೆ ಅಷ್ಟು ವರ್ಷಗಳ ಹಳೆಯ ಭಯ ವಾಪಸು ಬರುತ್ತದೆಂದು ನನಗೆ ತಿಳಿದದ್ದು ಅಂದೇ.

ಅಲ್ಲಿಯ ಹೆಂಗಸರ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. 2003ರಲ್ಲಿ ಯುದ್ಧ ನಿಲ್ಲಲೆಂದು ಶಾಂತಿ ಹೋರಾಟಗಾರ್ತಿ ಲೇಮಾ ಬೋವೀ ಅವರ ಜೊತೆ ಬಿಳಿ ಬಟ್ಟೆ ಉಟ್ಟು, ಮೀನು ಮಾರುಕಟ್ಟೆಯ ಬಳಿಯ ಮೈದಾನದಲ್ಲಿ ಬಿಸಿಲು ಮಳೆ ಎನ್ನದೆ ಕೂತವರು ಅವರು. ಘಾನಾದ ಅಕ್ರಾದಲ್ಲಿ ಶಾಂತಿ ಮಾತುಕತೆ ಎಳೆದಾಡಿದಾಗ ಹೆಂಗಸರೇ ಸಭಾಂಗಣದ ಬಾಗಿಲಿಗೆ ಅಡ್ಡ ಕೂತರು. ಆಗಸ್ಟ್‌ನಲ್ಲಿ ಒಪ್ಪಂದವಾಯಿತು. ಕೋವಿ ಹಿಡಿದವರನ್ನೂ ಎದುರು ಕೂರಿಸಿಕೊಂಡೇ ಶಾಂತಿ ತರಬೇಕಾಗಿತ್ತು, ಒಪ್ಪುತ್ತೇನೆ. ನ್ಯಾಯವನ್ನು ಆಮೇಲೆ ನೋಡೋಣ ಅಂದದ್ದೂ ಅರ್ಥವಾಗುತ್ತದೆ. ಆದರೆ ಆ ‘ಆಮೇಲೆ’ಯ ಭಾರ ಬಿದ್ದದ್ದು ಕೈಪಂಪಿನ ಸಾಲಿನಲ್ಲಿ ನಿಂತವಳ ಮೇಲೆ.

ನಾವು ಮಾಡಿದ್ದು ವ್ಯರ್ಥವಾಗಲಿಲ್ಲ. ವಿಶ್ವಸಂಸ್ಥೆಯ ಲೆಕ್ಕದಂತೆ ಅಲ್ಲಿಯ ಭದ್ರತಾ ಪಡೆಗಳಲ್ಲಿ 2007ರಲ್ಲಿ ನೂರಕ್ಕೆ 6ರಷ್ಟಿದ್ದ ಹೆಂಗಸರು, 2016ರಲ್ಲಿ ನಮ್ಮ ಕೊನೆಯ ತುಕಡಿ ಹೊರಡುವ ಹೊತ್ತಿಗೆ 17ರಷ್ಟಾಗಿದ್ದರು. 2018ರ ಜನವರಿಯಲ್ಲಿ ಒಬ್ಬ ಚುನಾಯಿತ ಅಧ್ಯಕ್ಷರು ಇನ್ನೊಬ್ಬರಿಗೆ ಶಾಂತಿಯಿಂದ ಅಧಿಕಾರ ಒಪ್ಪಿಸಿದರು. ಏಳು ದಶಕಗಳ ನಂತರ ಹಾಗಾದದ್ದು ಅದೇ ಮೊದಲು. ಸುದ್ದಿ ಓದಿ ಕಣ್ಣು ತುಂಬಿತ್ತು.

ಯುದ್ಧಾಪರಾಧಗಳ ನ್ಯಾಯಾಲಯಕ್ಕೆ ಸಿದ್ಧತೆ ಮಾಡುವ ಕಚೇರಿ ತೆರೆಯಲು ಅಧ್ಯಕ್ಷ ಜೋಸೆಫ್ ಬೊಕಾಯಿ ಆದೇಶ ಹೊರಡಿಸಿದ್ದು 2024ರ ಮೇ ತಿಂಗಳಲ್ಲಿ. ಯುದ್ಧ ನಿಂತು ಆಗ ಇಪ್ಪತ್ತು ವರ್ಷ ದಾಟಿತ್ತು.