ಕೋಳಿ ಕದ್ದದ್ದು ಯಾರು? ಗುರುತು ಹಿಡಿಯುವುದು ಹೀಗೆ

ನಮ್ಮದು ಖಾನಾಪುರ ತಾಲೂಕಿನ ಜಾಂಬೋಟಿ ಕಡೆಯ ಹಳ್ಳಿ. ಎರಡೆಕರೆ ಭತ್ತ, ಎರಡು ಎಮ್ಮೆ, ಹಿತ್ತಲಲ್ಲಿ 18 ನಾಟಿ ಕೋಳಿ. ಕೋಳಿಯ ಲೆಕ್ಕವೆಲ್ಲ ಅವ್ವನದು. ಮೊಟ್ಟೆ ಮಾರಿದ ದುಡ್ಡಿನಲ್ಲೇ ಅವಳ ಬಿ.ಪಿ. ಗುಳಿಗೆ ಬರುತ್ತವೆ.

ಒಂದು ಮಳೆಗಾಲ ಎಂಟೇ ದಿನದಲ್ಲಿ ಏಳು ಕೋಳಿ ಸತ್ತವು. ಬೆಳಿಗ್ಗೆ ನೋಡಿದರೆ ತಲೆ, ಕುತ್ತಿಗೆ ಇಲ್ಲ. ಮೈ ಹಾಗೇ ಬಿದ್ದಿದೆ. ಪಕ್ಕದ ಮನೆ ಕಾಕಾನ ನಾಯಿಯದೇ ಕೆಲಸ ಅಂತ ಜಗಳಕ್ಕೇ ಹೋದೆ. ಪಾಪ, ಅವರು ನಾಯಿ ಕಟ್ಟಿ ಹಾಕಿದರು. ಮರುದಿನ ಮತ್ತೆರಡು ಹೋದವು!

"ಗೂಡಿನ ಸುತ್ತ ಒಲಿ ಬೂದಿ ಚೆಲ್ಲಿ ನೋಡೋ ತಮ್ಮಾ. ಯಾರ ಬಂದಿದ್ರು ಅಂತ ಅದ ಹೇಳತೈತಿ" ಎಂದರು ಕಾಕಾ. ಮಳೆ ಬಿಟ್ಟ ರಾತ್ರಿ ಹಾಗೇ ಮಾಡಿದೆ. ಬೆಳಿಗ್ಗೆ ಒಂದು ಕೋಳಿ ಸತ್ತಿತ್ತು, ಬೂದಿಯ ಮೇಲೆ ಮಾತ್ರ ಒಂದೂ ಹೆಜ್ಜೆ ಇರಲಿಲ್ಲ. ಅಂದರೆ ಕಳ್ಳ ಬಂದದ್ದು ಮೇಲಿನಿಂದ. ನೋಡಿದರೆ ಹಲಸಿನ ಕೊಂಬೆ ಗೂಡಿನ ಮೇಲೆ ಬಾಗಿತ್ತು, ಹಂಚು ಸರಿದಿತ್ತು. ಮರದ ಬುಡದಲ್ಲಿ ಬೀಜ ತುಂಬಿದ ಹಿಕ್ಕೆ. ಅದು ಪುನುಗು ಬೆಕ್ಕು! ನಮ್ಮಲ್ಲಿ ಮರಾಠಿ ಮಾತಾಡುವವರು ಉದಮಾಂಜರ ಎನ್ನುತ್ತಾರೆ. ಕಾಕಾನ ಮನೆಗೆ ಹೋಗಿ ತಪ್ಪಾಯಿತು ಎಂದೆ. ಕೊಂಬೆ ಕಡಿದು, ಹಂಚಿನ ಕೆಳಗೆ ಜಾಳಿಗೆ ಬಡಿದ ಮೇಲೆ ಕಾಟ ನಿಂತಿತು.

ಗುರುತುಗಳು

ಅಂದಿನಿಂದ ನಾನು ಕಲಿತದ್ದು ಇಷ್ಟು:

* ರಾತ್ರಿ ತಲೆ, ಕುತ್ತಿಗೆ ತಿಂದು ಮೈ ಬಿಟ್ಟಿದ್ದರೆ: ಹೆಚ್ಚಾಗಿ ಪುನುಗು ಬೆಕ್ಕು.
* ಹಗಲಲ್ಲೇ ಕುತ್ತಿಗೆ ಕಚ್ಚಿದ್ದರೆ, ಮೊಟ್ಟೆ ಒಡೆದು ನೆಕ್ಕಿದ್ದರೆ: ಮುಂಗುಸಿ.
* ಮೊಟ್ಟೆ ಮಾಯ, ಚಿಪ್ಪಿನ ಚೂರೂ ಇಲ್ಲ. ಅಥವಾ ಸತ್ತ ಮರಿಯ ತಲೆ ಜೊಲ್ಲಿನಿಂದ ಒದ್ದೆ: ಹಾವು ನುಂಗಲು ನೋಡಿದೆ.
* ಇಡೀ ಕೋಳಿಯೇ ಇಲ್ಲ, ಬೇಲಿಯತ್ತ ಪುಕ್ಕದ ಸಾಲು: ನರಿ ಅಥವಾ ಕಾಡುಬೆಕ್ಕು. ಹೆಜ್ಜೆಯಲ್ಲಿ ಉಗುರು ಮೂಡಿದ್ದರೆ ನರಿ. ಬೆಕ್ಕು ಉಗುರನ್ನು ಒಳಗೆಳೆದುಕೊಂಡು ನಡೆಯುತ್ತದೆ.
* ಹಲವು ಕೋಳಿ ಹರಿದು, ತಿನ್ನದೆ ಬಿಟ್ಟಿದ್ದರೆ: ನಾಯಿ.
* ಹಗಲು ಬಯಲಿನಲ್ಲಿದ್ದ ಮರಿ ಮಾಯ: ಹದ್ದು, ಗಿಡುಗ, ಕಾಗೆ.

ಮೈಮೇಲೆ ಗಾಯವೇ ಇಲ್ಲದೆ ಒಂದಾದ ಮೇಲೊಂದು ಸಾಯುತ್ತಿದ್ದರೆ ಕಳ್ಳನನ್ನು ಹುಡುಕಬೇಡಿ. ಅದು ರಾಣಿಕೇತ್ ರೋಗ ಇರಬಹುದು. ಪಶು ಆಸ್ಪತ್ರೆಗೆ ತಿಳಿಸಿ, ಸತ್ತದ್ದನ್ನು ಹೂಳಿ.

ಪೇಟೆಯಲ್ಲೂ ಕಳ್ಳರು

2022ರ ಆಗಸ್ಟಿನಲ್ಲಿ ಬೆಳಗಾವಿಯ ಗಾಲ್ಫ್ ಮೈದಾನದ ಬಳಿ ಚಿರತೆ ಕಾಣಿಸಿ, ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟಿದ್ದರು. ಅದೇ ವೇಳೆಗೆ ಅನಗೋಳದ ನಮ್ಮಕ್ಕನ ಮನೆಯಲ್ಲಿ ದಿನಕ್ಕೊಂದು ಕೋಳಿಮರಿ ಕಾಣೆ. ಓಣಿಯವರೆಲ್ಲ "ಚಿರತೀನ ಬಂದೈತಿ" ಎಂದರು. ನಾನು ಹೋಗಿ ನೋಡಿದೆ. ಉಳಿದ ಮರಿಗಳ ಕಾಲು ಕಚ್ಚಿತ್ತು, ಗೂಡಿನಡಿಯಿಂದ ಗಟಾರದವರೆಗೆ ಬಿಲ. ಹೆಗ್ಗಣ! ಗೂಡಿನ ನೆಲಕ್ಕೆ ಗಟ್ಟಿಯಾಗಿ ಕಾಂಕ್ರೀಟ್ ಹಾಕಿದೆವು. ಮರಿ ಉಳಿದವು.

ಕಾವಲು ಹೇಗೆ?

ಆರು ಮೂಲೆ ಕಣ್ಣಿನ ಕೋಳಿ ಜಾಳಿಗೆ ಕೋಳಿಯನ್ನು ಒಳಗಿಡುತ್ತದೆ, ಅಷ್ಟೇ, ಕಳ್ಳನನ್ನು ಹೊರಗಿಡುವುದಿಲ್ಲ. ನಾಯಿ ಹರಿಯುತ್ತದೆ, ಹಾವು ನುಸುಳುತ್ತದೆ. ಅರ್ಧ ಇಂಚಿನ ವೆಲ್ಡ್‌ಮೆಶ್ ಹಾಕಿ. ಅದನ್ನು ನೆಲದೊಳಗೆ ಒಂದಡಿ ಇಳಿಸಿದರೆ ತೋಡುವ ಪ್ರಾಣಿಗೆ ದಾರಿ ಇಲ್ಲ. ಖರ್ಚು ಹೆಚ್ಚೆನಿಸಿದರೆ ರಾತ್ರಿ ಮಲಗುವ ಗೂಡಿಗಾದರೂ ಹಾಕಿ.

ಗೂಡನ್ನು ಎರಡು-ಮೂರು ಅಡಿ ಎತ್ತರದ ಕಂಬದ ಮೇಲೆ ಕೂರಿಸಿ, ಕಂಬಕ್ಕೆ ತಗಡು ಸುತ್ತಿ. ಬಾಗಿಲಿಗೆ ಚಿಲಕ ಬೇಕೇ ಬೇಕು. ಮರಿಗಳಿಗೆ ಆರು ವಾರದವರೆಗೆ ಮೇಲೆ ಬಲೆ ಕಟ್ಟಿ, ಇಲ್ಲವೆ ಬಿದಿರ ಬುಟ್ಟಿ ಮುಚ್ಚಿ. ಗಿರಿರಾಜದಂಥ ಮೈತುಂಬಿದ ಕೋಳಿ ನಾಟಿಯಂತೆ ಹಾರಿ ತಪ್ಪಿಸಿಕೊಳ್ಳಲಾರದು. ಅದಕ್ಕೆ ಹೆಚ್ಚಿನ ಕಾವಲು ಬೇಕು. ಕಾಳು ಚೆಲ್ಲಾಡಿದರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು.

ವಿಷ, ಉರುಳು, ಕರೆಂಟ್ ತಂತಿ ಮಾತ್ರ ಬೇಡವೇ ಬೇಡ. ಮುಂಗುಸಿ, ಪುನುಗು ಬೆಕ್ಕು, ನರಿ, ಕೇರೆ ಹಾವುಗಳಿಗೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಕೊಂದರೆ ಅಪರಾಧ. 2011ರಲ್ಲಿ ವನ್ಯಜೀವಿ ಧಾಮವಾದ ಭೀಮಗಡದ ಕಾಡು ನಮ್ಮ ತಾಲೂಕಿನಲ್ಲೇ ಇದೆ. ಅದೂ ಅಲ್ಲದೆ ಗದ್ದೆಯ ಇಲಿ ಹಿಡಿಯುವವರೂ ಇವರೇ. ಒಂದು ಕಳ್ಳನನ್ನು ಕೊಂದರೆ ಅದೇ ಕಿಂಡಿಯಿಂದ ಇನ್ನೊಂದು ಬರುತ್ತದೆ. ಮುಚ್ಚಬೇಕಾದ್ದು ಕಿಂಡಿ.

ಈಗ ಅವ್ವ ದಿನಾ ಹೊತ್ತು ಮುಳುಗುವ ಮೊದಲು ಕೋಳಿ ಎಣಿಸಿ ಚಿಲಕ ಹಾಕುತ್ತಾಳೆ. ಐದು ನಿಮಿಷದ ಕೆಲಸ. ನಿಮ್ಮಲ್ಲೂ ಕೋಳಿ ಹೋದರೆ ಯಾರ ಮೇಲೂ ತಪ್ಪು ಹೊರಿಸುವ ಮೊದಲು ಒಂದು ರಾತ್ರಿ ಬೂದಿ ಚೆಲ್ಲಿ ನೋಡಿರಿ.