ಟಾನಿಕ್ ಬಾಟಲಿ ಕೊಳ್ಳುವ ಮುನ್ನ



ಹಳ್ಳಿಗಳಿಗೆ ಹೋದಾಗ ಕೊಟ್ಟಿಗೆಯ ಗೂಡಿನಲ್ಲಿ ಸಾಲಾಗಿ ಇಟ್ಟಿರುವ ಬಾಟಲಿಗಳನ್ನು ನೋಡುತ್ತೇನೆ. ಒಂದು ಕ್ಯಾಲ್ಸಿಯಂದು, ಒಂದು ಲಿವರ್ ಟಾನಿಕ್, ಒಂದು "ಗಿಡಮೂಲಿಕೆಯಿಂದ ಹಾಲು ಹೆಚ್ಚಿಸುವುದು". ಜೊತೆಗೆ ಒಂದು ಪುಡಿಯ ಡಬ್ಬ. ಹೋದ ವರ್ಷ ಎರಡು ಹಸು ಕಟ್ಟಿರುವ ಸದಸ್ಯೆಯೊಬ್ಬರು ಅಂಥದೊಂದು ಬಾಟಲಿ ತೋರಿಸಿ, "ಡಾಕ್ಟ್ರೇ, ಇದು ಕೊಟ್ರೆ ಹಾಲು ಜಾಸ್ತಿ ಆಯ್ತದಾ? ಹೋದ ಸಲ ಆಗಿತ್ತು" ಎಂದು ಕೇಳಿದರು. ಆ ಪ್ರಶ್ನೆಗೆ ಅಂದು ನಿಂತಲ್ಲೇ ಉತ್ತರ ಹೇಳಲಾಗಲಿಲ್ಲ. ಈ ಪಾಠ ಅದಕ್ಕಾಗಿ.

ಮೊದಲು ಬಾಟಲಿಯ ಮುಂಭಾಗವನ್ನು ಬಿಟ್ಟು ಹಿಂಭಾಗ ಓದಿ. ಮುಂದೆ ಕೆಚ್ಚಲು ತುಂಬಿದ ಹಸುವಿನ ಚಿತ್ರ ಇರುತ್ತದೆ. ಹಿಂದೆ ಸಣ್ಣ ಅಕ್ಷರದಲ್ಲಿ ಯಾವ ಪದಾರ್ಥ ಎಷ್ಟಿದೆ, ಎಂದು ತಯಾರಾಯಿತು, ಎಂದಿಗೆ ಅವಧಿ ಮುಗಿಯುತ್ತದೆ ಎಂದಿರುತ್ತದೆ. ಕಣ್ಣಿಗೆ ಕಾಣದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ. ಹಲವು ಬಾಟಲಿಗಳ ಮೇಲೆ ಇದು ಆಹಾರ ಪೂರಕ, ಔಷಧವಲ್ಲ ಎಂದು ತಯಾರಕರೇ ಬರೆದಿರುತ್ತಾರೆ. ಅಂದ ಮೇಲೆ ರೋಗ ವಾಸಿಯಾಗುತ್ತದೆ, ಗಬ್ಬ ನಿಲ್ಲುತ್ತದೆ ಎಂದು ಮಾರಲು ಬಂದವರು ಹೇಳುವ ಮಾತಿಗೆ ಆ ಬಾಟಲಿಯೇ ಸಾಕ್ಷಿ ಹೇಳುವುದಿಲ್ಲ.

ಕ್ಯಾಲ್ಸಿಯಂ ಲೆಕ್ಕ

ಒಂದು ಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 1.2 ಗ್ರಾಂ ಕ್ಯಾಲ್ಸಿಯಂ ಇದೆ. ದಿನಕ್ಕೆ 10 ಲೀಟರ್ ಕೊಡುವ ಹಸುವಿನ ಮೈಯಿಂದ 12 ಗ್ರಾಂ ಹಾಲಿನಲ್ಲೇ ಹೊರಗೆ ಹೋಗುತ್ತದೆ. ತಿಂದದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಮೈಗೆ ಹತ್ತುವುದರಿಂದ ಮೇವಿನಲ್ಲಿ ಇದರ ಎರಡು ಪಟ್ಟಿಗೂ ಹೆಚ್ಚು ಬೇಕು.

ನಿಮ್ಮ ಬಾಟಲಿಯ ಮೇಲೆ 100 ಮಿ.ಲೀ.ಗೆ 3 ಗ್ರಾಂ ಕ್ಯಾಲ್ಸಿಯಂ ಎಂದು ಬರೆದಿದೆ, ದಿನಕ್ಕೆ 100 ಮಿ.ಲೀ. ಕೊಡಬೇಕು, ಲೀಟರ್ ಬಾಟಲಿಗೆ 250 ರೂಪಾಯಿ ಎಂದಿಟ್ಟುಕೊಳ್ಳಿ. ದಿನಕ್ಕೆ 25 ರೂಪಾಯಿ ಕೊಟ್ಟು ಕೊಂಡದ್ದು ಎರಡೂವರೆ ಲೀಟರ್ ಹಾಲಿನಲ್ಲಿ ಹೋಗುವಷ್ಟು ಕ್ಯಾಲ್ಸಿಯಂ, ಅದೂ ಪೂರ್ತಿ ಮೈಗೆ ಹತ್ತಿದರೆ. ಇನ್ನೊಂದು ಕಡೆ, ಐ.ಎಸ್.ಐ. ಮುದ್ರೆಯ ಉಪ್ಪಿಲ್ಲದ ಖನಿಜ ಮಿಶ್ರಣದಲ್ಲಿ ಸುಮಾರು ಶೇಕಡಾ 20 ಕ್ಯಾಲ್ಸಿಯಂ, ಶೇಕಡಾ 12 ರಂಜಕ, ಜೊತೆಗೆ ತಾಮ್ರ, ಸತು, ಅಯೋಡಿನ್, ಕೋಬಾಲ್ಟ್ ಇರುತ್ತವೆ. 100 ಗ್ರಾಂ ಹಾಕಿದರೆ 20 ಗ್ರಾಂ ಕ್ಯಾಲ್ಸಿಯಂ ಸಿಕ್ಕಿತು. ಕೆ.ಜಿ.ಗೆ ಏನು ದರ ಎಂದು ನಿಮ್ಮ ಸಂಘದ ಕಾರ್ಯದರ್ಶಿಯವರನ್ನು ಕೇಳಿ, ಭಾಗಾಕಾರ ನೀವೇ ಮಾಡಿ ನೋಡಿ. ಒಕ್ಕೂಟದವರು ತಮ್ಮ ಮಾಲು ಮಾರಲು ಹೀಗೆ ಬರೆಯುತ್ತಾರೆ ಎಂದುಕೊಳ್ಳಬೇಡಿ. ಮುದ್ರೆ ಸರಿಯಾಗಿದ್ದರೆ ಯಾರ ಚೀಲವಾದರೂ ಆದೀತು.

ಕರೆಯುವ ಹಸುವಿಗೆ ಹಾಲಿನ ಪ್ರಮಾಣ ನೋಡಿಕೊಂಡು ದಿನಕ್ಕೆ 100ರಿಂದ 200 ಗ್ರಾಂ, ಪಡ್ಡೆಗೂ ಬತ್ತಿದ ಹಸುವಿಗೂ 50 ಗ್ರಾಂ, ಬೆಳೆಯುವ ಕರುವಿಗೆ 20ರಿಂದ 25 ಗ್ರಾಂ. ಹಿಂಡಿ ಬೂಸಾದಲ್ಲಿ ಬೆರೆಸಿ ಕೊಡಿ. ಬೂಸಾದಲ್ಲಿ ರಂಜಕ ಉಂಟು, ಕ್ಯಾಲ್ಸಿಯಂ ಕಡಿಮೆ. ಭತ್ತದ ಹುಲ್ಲಿನಲ್ಲಿರುವ ಆಕ್ಸಲೇಟ್ ಇರುವ ಕ್ಯಾಲ್ಸಿಯಂ ಅನ್ನೂ ಮೈಗೆ ಹತ್ತದಂತೆ ಹಿಡಿದಿಡುತ್ತದೆ. ಹಾಗಾಗಿ ಭತ್ತದ ಹುಲ್ಲನ್ನೇ ನೆಚ್ಚಿಕೊಂಡ ಕಡೆ ಖನಿಜ ಮಿಶ್ರಣವನ್ನು ತಪ್ಪಿಸಲೇಬಾರದು. ಕುದುರೆ ಮಸಾಲೆ, ಅಲಸಂದೆಯಂಥ ದ್ವಿದಳ ಮೇವು ಇದ್ದವರಿಗೆ ಕ್ಯಾಲ್ಸಿಯಂ ಮಟ್ಟಿಗೆ ಅಷ್ಟು ಆತಂಕವಿಲ್ಲ. ಒಂದೊಂದು ಪ್ರದೇಶದ ಮಣ್ಣು ಮೇವಿನಲ್ಲಿ ಕೊರತೆ ಬೇರೆ ಬೇರೆ. ಅದಕ್ಕೆ ತಕ್ಕ ಮಿಶ್ರಣಗಳನ್ನು ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯವರು ರೂಪಿಸಿದ್ದಾರೆ.

ಕರು ಹಾಕುವ ಹೊತ್ತಿನಲ್ಲಿ

ಹಣ ಪೋಲಾಗುವುದು ಒಂದು ವಿಷಯ. ಹಸುವೇ ಹೋಗುವುದು ಇನ್ನೊಂದು. ಇದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಇದರಲ್ಲಿ ನನ್ನ ತಪ್ಪೂ ಸೇರಿದೆ.

ಕೆಲವು ವರ್ಷಗಳ ಹಿಂದೆ ಒಂದು ಶಿಬಿರದಲ್ಲಿ "ಹೆಚ್ಚು ಹಾಲಿನ ಹಸುವಿಗೆ ಕ್ಯಾಲ್ಸಿಯಂ ಕೊಡಿ" ಎಂದು ಹೇಳಿ ಬಂದಿದ್ದೆ. ಯಾವಾಗ, ಹೇಗೆ ಎಂದು ಹೇಳಿರಲಿಲ್ಲ. ಮುಂದಿನ ತಿಂಗಳು ಅದೇ ಊರಿನಲ್ಲಿ ನಾಲ್ಕನೆಯ ಕರು ಹಾಕಿದ ಎಚ್.ಎಫ್. ಮಿಶ್ರತಳಿ ಹಸುವೊಂದು ರಾತ್ರಿ ಕುಸಿದು ಮಲಗಿತು. ಕುತ್ತಿಗೆ ಪಕ್ಕೆಗೆ ತಿರುಗಿತ್ತು, ಕಿವಿ ತಣ್ಣಗಾಗಿತ್ತು. ಅದು ಹಾಲು ಜ್ವರ. ಹೆಸರಿಗೆ ಜ್ವರವೇ ಹೊರತು ಮೈ ಬಿಸಿ ಇರುವುದಿಲ್ಲ. ಮನೆಯವರು ಅಕ್ಕರೆಯಿಂದಲೇ ಗೊಟ್ಟದಲ್ಲಿ ಕ್ಯಾಲ್ಸಿಯಂ ಬಾಟಲಿಯನ್ನು ಪೂರ್ತಿ ಎರೆದರು. ಬೆಳಿಗ್ಗೆ ನಾನು ಹೋಗಿ ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟಾಗ ಹಸು ಎದ್ದು ನಿಂತಿತು. ಎಲ್ಲರಿಗೂ ಸಂತೋಷ. ಆದರೆ ರಾತ್ರಿ ಎರೆದ ಔಷಧ ಶ್ವಾಸಕೋಶಕ್ಕೆ ಇಳಿದಿತ್ತು. ಐದನೆಯ ದಿನ ಸತ್ತಿತು. ಹಾಲು ಜ್ವರದಲ್ಲಿ ಸ್ನಾಯುಗಳೆಲ್ಲ ಸೋತಿರುತ್ತವೆ, ನುಂಗುವ ಶಕ್ತಿಯೂ ಇರುವುದಿಲ್ಲ. ಮಲಗಿದ ಹಸುವಿನ ಬಾಯಿಗೆ ಏನನ್ನೂ ಎರೆಯಬೇಡಿ, ನೀರನ್ನೂ ಕೂಡ. ಎದೆಯ ಮೇಲೆ ನೇರವಾಗಿ ಕೂರುವಂತೆ ಎರಡೂ ಪಕ್ಕಕ್ಕೆ ಹುಲ್ಲಿನ ಹೊರೆ ಒತ್ತು ಕೊಟ್ಟು, ಕೂಡಲೇ ಪಶುವೈದ್ಯರನ್ನು ಕರೆಸಿ.

ಎರಡನೆಯ ಮಾತು ಹಲವರಿಗೆ ವಿಚಿತ್ರ ಎನ್ನಿಸಬಹುದು. ಹಾಲು ಜ್ವರ ಬಾರದಿರಲಿ ಎಂದು ತುಂಬು ಗಬ್ಬದ ಕೊನೆಯ ಮೂರು ವಾರ ದಿನವೂ ಕ್ಯಾಲ್ಸಿಯಂ ಟಾನಿಕ್ ಕೊಡುವವರಿದ್ದಾರೆ. ಅದರಿಂದ ರೋಗ ತಪ್ಪುವುದಿಲ್ಲ, ಬರುವ ಸಂಭವ ಹೆಚ್ಚುತ್ತದೆ. ಹೊರಗಿನಿಂದ ಧಾರಾಳವಾಗಿ ಬರುತ್ತಿದ್ದರೆ ಮೂಳೆಯಲ್ಲಿರುವ ದಾಸ್ತಾನನ್ನು ಕರಗಿಸಿ ರಕ್ತಕ್ಕೆ ತರುವ ಕೆಲಸವನ್ನು ಮೈ ನಿಲ್ಲಿಸಿಬಿಟ್ಟಿರುತ್ತದೆ. ಕರು ಬಿದ್ದು ಗಿಣ್ಣು ಹಾಲು ಇಳಿದ ದಿನ ಒಮ್ಮೆಗೇ ಬೇಡಿಕೆ ಏರಿದಾಗ ಆ ಕೆಲಸ ಮತ್ತೆ ಶುರುವಾಗಲು ಒಂದೆರಡು ದಿನ ಬೇಕು. ಅಷ್ಟರಲ್ಲಿ ಹಸು ಮಲಗಿರುತ್ತದೆ. ಕ್ಯಾಲ್ಸಿಯಂ ಕೊಡುವ ಸರಿಯಾದ ಹೊತ್ತು ಕರು ಹಾಕಿದ ಕೂಡಲೇ, ಮತ್ತೆ ಮಾರನೆಯ ದಿನ. ಮೂರನೆಯ ಕರುವಿನಿಂದಾಚೆಗಿನ, ಹೆಚ್ಚು ಹಾಲಿನ ಹಸುವಿಗೆ, ಅದು ನಿಂತಿರುವಾಗ, ಗಟ್ಟಿ ಪ್ರಮಾಣದ ಕ್ಯಾಲ್ಸಿಯಂ ಜೆಲ್ ಕೊಡುವುದರಿಂದ ನಿಜವಾಗಿಯೂ ಉಪಯೋಗವಿದೆ. ಕೊಡುವ ಬಗೆಯನ್ನು ವೈದ್ಯರಿಂದ ಮೊದಲೇ ಕೇಳಿಟ್ಟುಕೊಳ್ಳಿ.

ಗಿಡಮೂಲಿಕೆ

ಹಾಲು ಹೆಚ್ಚಿಸುವ ಮೂಲಿಕೆ ಎಂದರೆ ಬಹುತೇಕ ಶತಾವರಿ, ಅಂದರೆ ನಮ್ಮ ಆಷಾಢಿ ಬೇರು. ಅದರ ಜೊತೆಗೆ ಜೀವಂತಿ, ಮೆಂತ್ಯ, ಜೀರಿಗೆ. ಬಾಣಂತಿಯರಿಗೂ ಇವನ್ನು ಕೊಡುವುದುಂಟು. ತಳ್ಳಿ ಹಾಕುವ ವಿಷಯವಲ್ಲ. ಹಸುಗಳಿಗೆ ಶತಾವರಿ ತಿನ್ನಿಸಿ ಮಾಡಿದ ಪರೀಕ್ಷೆಗಳಲ್ಲಿ ಕೆಲವು ಕಡೆ ಹಾಲು ಸ್ವಲ್ಪ ಏರಿದೆ, ಕೆಲವು ಕಡೆ ಏರಿಲ್ಲ. ಬಹಳಷ್ಟು ಪರೀಕ್ಷೆಗಳು ಬೆರಳೆಣಿಕೆಯ ಹಸುಗಳ ಮೇಲೆ ಕೆಲವು ವಾರ ನಡೆದವು. ಅಲ್ಲಿ ದಿನಕ್ಕೆ ಹತ್ತಾರು ಗ್ರಾಂ ಬೇರಿನ ಪುಡಿ ಕೊಟ್ಟಿದ್ದರೆ, ನಿಮ್ಮ ಬಾಟಲಿಯಲ್ಲಿ ಎಷ್ಟಿದೆ ಎಂದು ನೋಡಿ. "ಅಮೂಲ್ಯ ಮೂಲಿಕೆಗಳ ಸಾರ" ಎಂದಷ್ಟೇ ಬರೆದು ತೂಕ ಹೇಳದಿದ್ದರೆ ಅದನ್ನು ಕೊಳ್ಳುವವರು ಏನನ್ನು ಕೊಂಡಂತಾಯಿತು?

ಕೆಚ್ಚಲು ಬಾವಿಗೆ ಲೋಳೆಸರ, ಅರಿಶಿನ, ಸುಣ್ಣ ಅರೆದು ಹಚ್ಚುವ ಪದ್ಧತಿಯನ್ನು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯವರೇ ಪ್ರಚಾರ ಮಾಡುತ್ತಿದ್ದಾರೆ. ಅಲ್ಲಿ ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ ಎಂದು ತೂಕ ಸಮೇತ ಹೇಳಿದ್ದಾರೆ. ಮೂಲಿಕೆ ಎಂದರೆ ಹೀಗೆ ಲೆಕ್ಕ ಹೇಳಬೇಕು. ಮೂಲಿಕೆಯಿಂದ ತೊಂದರೆಯೇ ಇಲ್ಲ ಎಂಬುದೂ ನಿಜವಲ್ಲ. ಬೆಳ್ಳುಳ್ಳಿ, ಮೆಂತ್ಯ ಹೆಚ್ಚಾದರೆ ಹಾಲಿಗೆ ಅದರ ವಾಸನೆ ಹಿಡಿಯುತ್ತದೆ.

ಸಂಘದ ಪುಸ್ತಕವೇ ಪರೀಕ್ಷಕ

ಈಗ ಆ ಸದಸ್ಯೆಯ ಪ್ರಶ್ನೆಗೆ ಬರೋಣ. "ಹೋದ ಸಲ ಆಗಿತ್ತು" ಎಂದರಲ್ಲ, ವಿಚಾರಿಸಿದಾಗ ಟಾನಿಕ್ ಕೊಟ್ಟದ್ದು ಕರು ಹಾಕಿದ ಎರಡನೆಯ ವಾರದಲ್ಲಿ ಎಂದು ತಿಳಿಯಿತು. ಕರು ಹಾಕಿದ ಹಸುವಿನ ಹಾಲು ಮೊದಲ ಒಂದೂವರೆ ಎರಡು ತಿಂಗಳು ತಾನಾಗಿಯೇ ಏರುತ್ತದೆ, ಆಮೇಲೆ ತಿಂಗಳು ತಿಂಗಳಿಗೆ ಇಳಿಯುತ್ತದೆ. ಏರುವ ಕಾಲದಲ್ಲಿ ಗೋಡೆಗೆ ಸುಣ್ಣ ಬಳಿದರೂ ಹಾಲು ಏರಿತು ಎನ್ನಬಹುದು. ಅದೂ ಅಲ್ಲದೆ ದುಡ್ಡು ಕೊಟ್ಟು ಟಾನಿಕ್ ತಂದ ವಾರ ನಾವು ಹೊತ್ತಿಗೆ ಸರಿಯಾಗಿ ಮೇವು ಹಾಕುತ್ತೇವೆ, ಮೈ ತೊಳೆಯುತ್ತೇವೆ, ಕೊನೆಯ ಹನಿಯವರೆಗೆ ಹಿಂಡುತ್ತೇವೆ.

ಆಕೆಗೆ ಹೀಗೆ ಹೇಳಿದೆ: ಹಸುಗಳು ಕರು ಹಾಕಿ ನಾಲ್ಕು ತಿಂಗಳಾಗಲಿ. ಮೇವು, ಹಿಂಡಿ ಬದಲಾಯಿಸಬೇಡಿ. ಮೊದಲ 10 ದಿನ ಟಾನಿಕ್ ಇಲ್ಲ, ಮುಂದಿನ 10 ದಿನ ಕೊಡಿ, ಆಮೇಲೆ 10 ದಿನ ಮತ್ತೆ ಇಲ್ಲ. ಸಂಘದ ಪುಸ್ತಕದಲ್ಲಿ ಬರೆದ ಹಾಲಿಗೆ ಮನೆಯ ಕಾಫಿಗೆ ಇಟ್ಟುಕೊಂಡದ್ದನ್ನೂ ಅಳೆದು ಸೇರಿಸಿ. ಹಿಂಡುವವರಿಗೆ ಯಾವಾಗ ಕೊಟ್ಟಿದ್ದೀರೆಂದು ತಿಳಿಯದಿದ್ದರೆ ಇನ್ನೂ ಒಳ್ಳೆಯದು. ಹಾಲು ಹಿಂಡುವುದು ಅವರ ಅತ್ತೆ, ಟಾನಿಕ್ ಕೊಡುವುದು ಈಕೆ. ಆದ್ದರಿಂದ ಅದು ಸುಲಭವಾಯಿತು.

ಎರಡೂ ಹಸು ಸೇರಿ ದಿನದ ಸರಾಸರಿ ಮೊದಲ 10 ದಿನ 16.2 ಲೀಟರ್, ಟಾನಿಕ್ ಕೊಟ್ಟಾಗ 16.0, ಕೊನೆಯಲ್ಲಿ 15.6. ಹಾಲು ಹೇಗೂ ಇಳಿಯುವ ಕಾಲ. ಆದ್ದರಿಂದ ಮಧ್ಯದ ಅಂಕಿಯನ್ನು ಮೊದಲಿನ ಮತ್ತು ಕೊನೆಯ ಅಂಕಿಗಳ ಸರಾಸರಿಯೊಡನೆ, ಅಂದರೆ 15.9ರೊಡನೆ ಹೋಲಿಸಬೇಕು. ಹೆಚ್ಚಿದ್ದು 0.1 ಲೀಟರ್. ಲೀಟರಿಗೆ 35 ರೂಪಾಯಿ ಹಿಡಿದರೆ ದಿನಕ್ಕೆ ಮೂರೂವರೆ ರೂಪಾಯಿ ಬಂತು, ಖರ್ಚು ಎರಡು ಹಸುವಿಗೆ 50 ರೂಪಾಯಿ. ಅಸಲು ಹುಟ್ಟಲು ಸುಮಾರು ಒಂದೂವರೆ ಲೀಟರ್ ಏರಬೇಕಿತ್ತು. ಎರಡು ಹಸುವಿನಲ್ಲಿ 0.1 ಲೀಟರ್ ಎಂಬುದು ದಿನದಿನದ ಏರಿಳಿತದಲ್ಲೇ ಮುಚ್ಚಿಹೋಗುವಂಥದ್ದು, ಅದನ್ನು ಟಾನಿಕ್‌ನ ಗುಣ ಎನ್ನುವಂತೆಯೂ ಇಲ್ಲ. ನಾಲ್ಕೈದು ಸದಸ್ಯರು ಸೇರಿ ಹತ್ತಾರು ಹಸುಗಳಲ್ಲಿ ಮಾಡಿದರೆ ಉತ್ತರ ಇನ್ನೂ ಗಟ್ಟಿಯಾಗುತ್ತದೆ. ಬೇರೆ ಟಾನಿಕ್‌ಗೆ ಬೇರೆ ಉತ್ತರ ಬಂದರೂ ಬರಬಹುದು. ಬಂದರೆ ನನಗೂ ತಿಳಿಸಿ.

ಆ ಮನೆಯಲ್ಲಿ ಆಮೇಲೆ ಹಾಲು ಏರಿದ್ದು ನೀರಿನಿಂದ. ಹಾಲಿನಲ್ಲಿ ಶೇಕಡಾ 87ರಷ್ಟು ನೀರೇ. ಒಂದು ಲೀಟರ್ ಹಾಲಿಗೆ ಹಸು ನಾಲ್ಕು ಲೀಟರಿನಷ್ಟು ನೀರು ಕುಡಿಯಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಅವರು ದಿನಕ್ಕೆ ಎರಡು ಸಲ ಬಕೆಟ್ ಇಡುತ್ತಿದ್ದರು. ಗೋದಲಿಯ ಪಕ್ಕ ಸಣ್ಣ ತೊಟ್ಟಿ ಕಟ್ಟಿಸಿ ಸದಾ ನೀರು ನಿಲ್ಲಿಸಿದರು. ಒಂದು ಹಸುವಿನ ಸಗಣಿ ಪರೀಕ್ಷೆಯಲ್ಲಿ ಜಂತು ಕಂಡಿತು, ಅದಕ್ಕೆ ಔಷಧ ಹಾಕಲಾಯಿತು. ಉಳಿದಿದ್ದ ಟಾನಿಕ್ ಬಾಟಲಿಯನ್ನು ಅಂಗಡಿಗೆ ಹಿಂದಿರುಗಿಸಲು ಹೋದರಂತೆ, ಮುಚ್ಚಳ ಒಡೆದದ್ದನ್ನು ತೆಗೆದುಕೊಳ್ಳುವುದಿಲ್ಲ ಎಂದರಂತೆ.

ಮುಂದಿನ ಬಾರಿ ಶಿಬಿರಕ್ಕೆ ಬರುವಾಗ ನಿಮ್ಮ ಮನೆಯ ಬಾಟಲಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಬನ್ನಿ. ಖಾಲಿಯಾದದ್ದೂ ಆದೀತು, ಹಿಂದಿನ ಚೀಟಿ ಹರಿದಿರದಿದ್ದರೆ ಸಾಕು.